ಬೋಳು ಮುಳ್ಳುಹಂದಿ

ಬೇಕರಿಯ ಹಿಂದಿನ ಕೋಣೆಗೂ ಮುಂದಿನ ಅಂಗಡಿಗೂ ನಡುವೆ ಇದ್ದದ್ದು ಒಂದೇ ಒಂದು ಪರದೆ. ಹಿಟ್ಟು ಮೆತ್ತಿ ಮೆತ್ತಿ ರಟ್ಟಿನಂತೆ ಸೆಟೆದು ನಿಂತ ಪರದೆ. ಅದರ ಈಚೆಗೆ ಓವನ್, ಉದ್ದನೆಯ ಮೇಜು, ಮೈದಾ ಮೂಟೆಗಳು ಮತ್ತು ದೊಡ್ಡ ಸೊಸೆ. ಆಚೆಗೆ ಗಾಜಿನ ಕಪಾಟು, ದೀಪಗಳು, ಗಿರಾಕಿಗಳು ಮತ್ತು ಚಿಕ್ಕ ಸೊಸೆ. ಯಾರು ಎಲ್ಲಿರಬೇಕೆಂದು ಗೆರೆ ಎಳೆದವರು ಅತ್ತೆ. "ನಿನ್ನ ಮುಖ ನೋಡಿದ್ರೆ ಬಂದ ಗಿರಾಕಿ ಹಾಗೇ ವಾಪಸ್ ಹೋಗ್ತಾರೆ ಕಣೆ, ನೀನು ಒಳಗೇ ಇರು" ಎಂದು ದೊಡ್ಡವಳಿಗೆ ಹೇಳಿದ್ದರು, ಅದೂ ನಗುನಗುತ್ತಾ. ಸುಳ್ಳೇನಲ್ಲ ಬಿಡಿ. ದೊಡ್ಡವಳದು ಗಂಟುಮುಖ, ಮಾತು ಕಡ್ಡಿ ಮುರಿದ ಹಾಗೆ. ಚಿಕ್ಕವಳಿಗೋ ಬೀದಿಯ ಮಕ್ಕಳೆಲ್ಲ ಸೇರಿ ಬೆಣ್ಣೆ ಆಂಟಿ ಎಂದು ಹೆಸರಿಟ್ಟಿದ್ದರು.

ಬೆಣ್ಣೆ ಬ್ರೆಡ್ಡಿನ ಮೇಲಿದ್ದರೆ ಚೆನ್ನ. ಇನ್ನೊಬ್ಬರು ಬೆವರು ಸುರಿಸಿ ಮಾಡಿದ್ದಕ್ಕೆಲ್ಲ ತನ್ನನ್ನು ತಾನೇ ಹಚ್ಚಿಕೊಂಡು ಕೂತರೆ ಮೈ ಉರಿಯುವುದಿಲ್ಲವೇ?

ಆ ಬೇಕರಿ ಆ ಬೀದಿಯಲ್ಲಿ ಹೆಸರಾಗಿದ್ದು ಮಕ್ಕಳ ಖಾರದ ಬನ್ನುಗಳಿಂದ. ಚೀಸು, ಈರುಳ್ಳಿ, ಚೂರು ಮೆಣಸಿನಪುಡಿ ಹಾಕಿ ನಾದಿದ ಹಿಟ್ಟಿನ ಪ್ರಾಣಿಗಳು. ಬೆನ್ನ ಮೇಲೆ ಗೆರೆ ಕೊರೆದ ಆಮೆ, ಸುರುಳಿ ಸುತ್ತಿ ಕೂತ ಬಸವನಹುಳು, ಬಾಯಿ ತೆರೆದ ಮೊಸಳೆ. ಎಲ್ಲಕ್ಕಿಂತ ಹೆಚ್ಚಾಗಿ ಮುಳ್ಳುಹಂದಿ. ಚೂಪು ಮೂತಿ, ಕಾಳುಮೆಣಸಿನ ಎರಡು ಕಣ್ಣು, ಬೆನ್ನ ತುಂಬ ಗರಿಗರಿಯಾಗಿ ಎದ್ದು ನಿಂತ ಮುಳ್ಳು. ಮಕ್ಕಳು ಮೊದಲು ಕಣ್ಣು ಕಿತ್ತು ಪಕ್ಕಕ್ಕಿಡುತ್ತಿದ್ದರು, ಆಮೇಲೆ ಒಂದೊಂದೇ ಮುಳ್ಳನ್ನು ಮುರಿದು ಕರುಂ ಎನ್ನಿಸುತ್ತಿದ್ದರು. ಶಾಲೆ ಬಿಟ್ಟು ಅರ್ಧ ಗಂಟೆಯೊಳಗೆ ಗಾಜಿನ ಕಪಾಟು ಖಾಲಿ.

ಒಂದು ಬೆಳಗ್ಗೆ ದೊಡ್ಡ ಸೊಸೆ ಓವನ್ನಿಂದ ಟ್ರೇ ಎಳೆಯುತ್ತಿದ್ದಾಗ ಪರದೆಯಾಚೆ ಚಿಕ್ಕವಳ ಮಾತು ಕೇಳಿಸಿತು. ಯಾರೋ ಹೆಂಗಸು ಬಂದಿದ್ದಳು. ಮಕ್ಕಳಿಗಾಗಿ ಬಣ್ಣಬಣ್ಣದ ಪುಸ್ತಕ ಮಾಡುವವಳಂತೆ. ಪ್ರಾಣಿ ಬನ್ನುಗಳ ಬಗ್ಗೆಯೇ ಒಂದು ಪುಸ್ತಕ, ಮುಖಪುಟದ ಮೇಲೆ ಮಾಡಿದವರ ಹೆಸರು, ಫೋಟೋ.

"ಇದೆಲ್ಲ ಹೇಗೆ ಶುರುವಾಯ್ತು ಅಂತ ಹೇಳಿ" ಎಂದಳು ಪುಸ್ತಕದವಳು.

"ಅಯ್ಯೋ, ಅದೊಂದು ಕಥೆ" ಎಂದಳು ಚಿಕ್ಕವಳು, ದನಿಯನ್ನು ಮೆತ್ತಗೆ ಮಾಡಿಕೊಂಡು. "ನಮ್ಮ ಭಾವನ ಮಗಳಿಗೆ ಆಗ ಮೂರು ವರ್ಷ. ಜ್ವರ ಬಂದು ಎದ್ದವಳು ಊಟಾನೇ ಬಿಟ್ಟುಬಿಟ್ಲು. ಹನ್ನೊಂದು ದಿನ! ನನಗೆ ಕರುಳು ಕಿತ್ತು ಬಂತು ನೋಡಿ. ಇರೋ ಹಿಟ್ಟಲ್ಲೇ ಒಂದು ಮುಳ್ಳುಹಂದಿ ಮಾಡಿ ಕೈಗೆ ಕೊಟ್ಟೆ. ಮಗು ನಕ್ಕು, ಒಂದು ಮುಳ್ಳು ಮುರಿದು ಬಾಯಿಗೆ ಹಾಕ್ಕೊಳ್ತು."

ದೊಡ್ಡ ಸೊಸೆಯ ಕೈಯಲ್ಲಿದ್ದ ಟ್ರೇ ಮೇಜಿಗೆ ಬಡಿಯಿತು. ಆ ಹನ್ನೊಂದು ದಿನ ಅವಳಿಗೆ ಒಂದೊಂದೂ ನೆನಪಿತ್ತು. ಚಮಚ ಹಿಡಿದು ಬೇಡಿಕೊಂಡದ್ದು, ಮಗಳ ಮೊಣಕೈ ಮೂಳೆ ಕೈಗೆ ಹತ್ತಿದ್ದು, ಹನ್ನೊಂದನೆಯ ಮಧ್ಯಾಹ್ನ ಅಳುತ್ತಲೇ ಹಿಟ್ಟಿನ ಉಂಡೆಗೆ ಮೂತಿ ಎಳೆದು ಕತ್ತರಿಯಿಂದ ಕಚಕ್ ಕಚಕ್ ಎಂದು ಮುಳ್ಳು ಎಬ್ಬಿಸಿದ್ದು. ಆಗ ಈ ಮಹಾತಾಯಿ ಎಲ್ಲಿದ್ದಳು? ತವರಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು! ವಾಪಸು ಬಂದಾಗ ಮುಳ್ಳುಹಂದಿ ಆಗಲೇ ಕಪಾಟು ಹತ್ತಿತ್ತು.

ಹೊರಗೆ ಹೋಗಿ ಅಲ್ಲೇ ಜುಟ್ಟು ಹಿಡಿಯಬಹುದಿತ್ತು. ಹೋಗಲಿಲ್ಲ. ಮುಂದೆ ಹೋಗಿ ಜಗಳವಾಡಿದರೆ ಗೆಲ್ಲುವವಳು ಚಿಕ್ಕವಳೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಹನಿ ಕಣ್ಣೀರು ಹಾಕಿದರೆ ಸಾಕು, ಇಡೀ ಬೀದಿ ಅವಳ ಕಡೆ.

ಆದರೆ ದೊಡ್ಡವಳ ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಅವತ್ತು ಸಂಜೆ. ಮಗಳು, ಈಗ ಏಳು ವರ್ಷದವಳು, ಮೂಟೆಯ ಮೇಲೆ ಕೂತು ಕಾಲು ಆಡಿಸುತ್ತಾ ಕೇಳಿದಳು.

"ಅಮ್ಮಾ, ನಾನು ಚಿಕ್ಕವಳಿದ್ದಾಗ ಊಟ ಬಿಟ್ಟಿದ್ನಂತೆ. ಚಿಕ್ಕಮ್ಮ ಮುಳ್ಳುಹಂದಿ ಮಾಡಿ ತಿನ್ನಿಸಿದ್ರಂತೆ. ಆವಾಗ ನೀನು ಎಲ್ಲಿದ್ದೆ?"

ಬನ್ನು ಹೋಗಲಿ, ಹೆಸರು ಹೋಗಲಿ, ಫೋಟೋ ಹಾಳಾಗಿ ಹೋಗಲಿ. ಚಿಕ್ಕವಳು ಮಗಳ ತಲೆಯೊಳಗಿಂದ ತಾಯಿಯನ್ನೇ ಎತ್ತಿ ಆಚೆ ಹಾಕಿದ್ದಳಲ್ಲ! "ಇಲ್ಲೇ ಇದ್ದೆ" ಎಂದರೆ ಮಗಳು ನಂಬುತ್ತಿದ್ದಳೋ ಏನೋ, ಆದರೆ ದೊಡ್ಡ ಸೊಸೆಗೆ ಬರೀ ಬಾಯಿಮಾತು ಬೇಕಿರಲಿಲ್ಲ. ಎಲ್ಲರೂ ಕಣ್ಣಾರೆ ನೋಡಬೇಕು. ಚಿಕ್ಕವಳು ತನ್ನ ಕೈಯಿಂದಲೇ ತನ್ನ ಮುಖಕ್ಕೆ ಮಸಿ ಬಳಿದುಕೊಳ್ಳಬೇಕು. ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನುವುದಿಲ್ಲ ಎಂದುಕೊಂಡಳು.

ದಾರಿಯನ್ನು ಚಿಕ್ಕವಳೇ ತೋರಿಸಿಕೊಟ್ಟಳು. ವಾರದ ರಜೆಯ ದಿನ ಪುಸ್ತಕದವಳು ಕ್ಯಾಮೆರಾ ತರುತ್ತಾಳೆ, ಜೊತೆಗೆ ಹತ್ತಾರು ಮಕ್ಕಳು. ಚಿಕ್ಕವಳು ಮಾಡಿ ತೋರಿಸಬೇಕು, ಮಕ್ಕಳು ನೋಡಿ ಮಾಡಬೇಕು, ಎಲ್ಲದರ ಫೋಟೋ.

"ಅಕ್ಕಾ, ಹಿಟ್ಟು ಮಾತ್ರ ನಾದಿ ಇಟ್ಟುಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದಳು. ಆಮೇಲೆ ಬೆರಳಿನಿಂದ ಮೇಜಿನ ಮೇಲಿನ ಹಿಟ್ಟಿನ ಪುಡಿಯಲ್ಲಿ ಗೀಚುತ್ತಾ ಸೇರಿಸಿದಳು, "ನೀನೂ ಇರು. ಒಬ್ಬಳೇ ಅಂದ್ರೆ ನನಗೆ ಸ್ವಲ್ಪ ಗಾಬರಿ."

"ಇರ್ತೀನಿ. ಇರದೆ ಎಲ್ಲಿಗೆ ಹೋಗಲಿ?" ಎಂದಳು ದೊಡ್ಡ ಸೊಸೆ.

ಮೂರು ದಿನ ಅವಳ ತಲೆಯಲ್ಲಿ ಓವನ್ನಿಗಿಂತ ಜಾಸ್ತಿ ಶಾಖ. ಉಪ್ಪು ಮೂರು ಪಟ್ಟು ಸುರಿಯಲೇ? ಯೀಸ್ಟ್ ಹಾಕದೆ ಬಿಡಲೇ, ಬನ್ನು ಕಲ್ಲಾಗಿ ಮಕ್ಕಳ ಹಲ್ಲು ಮುರಿಯಲಿ? ಯೋಚಿಸಿದಾಗೆಲ್ಲ ಬಾಯಲ್ಲಿ ನೀರೂರುತ್ತಿತ್ತು, ಆದರೂ ಬೇಡವೆನಿಸುತ್ತಿತ್ತು. ಹಿಟ್ಟು ಅವಳದು. ಹಿಟ್ಟು ಕೆಟ್ಟರೆ ಕೆಟ್ಟ ಹೆಸರು ಅವಳಿಗೇ. ಹಾಗಾದರೆ ಹಿಟ್ಟು ಎಂದೂ ಆಗದಷ್ಟು ಚೆನ್ನಾಗಿರಬೇಕು, ಯಾರೂ ಅದರ ಕಡೆ ಬೆರಳು ತೋರಿಸಬಾರದು. ಉಳಿದದ್ದಕ್ಕೆ ಅವಳ ಏಪ್ರನ್ ಜೇಬಿನಲ್ಲಿದ್ದ ಕತ್ತರಿ ಸಾಕಿತ್ತು.

ಆ ಕತ್ತರಿಯ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಒಂದು ಕಟ್ಟುನಿಟ್ಟು. ಅಂಗಡಿಯ ಶಟರ್ ಎತ್ತುವ ಮೊದಲು ಚಾಕು, ಕತ್ತರಿ ಎಲ್ಲ ತೊಳೆದು ಗೋಡೆಯ ಮೊಳೆಗೆ ನೇತುಹಾಕಿರಬೇಕು, ಗಿರಾಕಿ ಒಳಗೆ ಇಣುಕಿದರೆ ಒಂದೂ ಮೇಜಿನ ಮೇಲೆ ಕಾಣಬಾರದು. ದೊಡ್ಡ ಸೊಸೆಯ ಮುಳ್ಳುಹಂದಿಗೋ ಕತ್ತರಿ ಬೇಕಾಗುತ್ತಿದ್ದದ್ದು ಶಟರ್ ಎತ್ತಿದ ಮೇಲೆಯೇ. ಮೂತಿ ಎಳೆದ ಉಂಡೆಗಳನ್ನು ಒದ್ದೆ ಬಟ್ಟೆಯಡಿ ಮುಕ್ಕಾಲು ಗಂಟೆ ಬಿಡಬೇಕು. ಅವು ಉಬ್ಬಿ, ಮುಟ್ಟಿದರೆ ನಡುಗುವಷ್ಟು ಹಗುರಾಗಬೇಕು. ಆಮೇಲೆ ಮುಳ್ಳು ಕತ್ತರಿಸಿ ತಕ್ಷಣ ಓವನ್ನಿಗೆ ತಳ್ಳಬೇಕು. ಮೊದಲೇ ಕತ್ತರಿಸಿದರೆ ಉಬ್ಬುವಾಗ ಮುಳ್ಳೆಲ್ಲ ಕರಗಿ ಬೆನ್ನಿಗೇ ಅಂಟಿಹೋಗುತ್ತದೆ. ಅತ್ತೆಯೊಂದಿಗೆ ವಾದ ಮಾಡುವ ಗೋಜಿಗೆ ಹೋಗದೆ, ಅವಳು ತನ್ನ ಅಮ್ಮ ಬಟ್ಟೆ ಹೊಲಿಯುತ್ತಿದ್ದಾಗಿನ ಕತ್ತರಿಯನ್ನು ಜೇಬಿನಲ್ಲಿಟ್ಟುಕೊಂಡು ಕೆಲಸ ಮುಗಿಸುತ್ತಿದ್ದಳು. ಅಷ್ಟು ಹೊತ್ತಿಗೆ ಚಿಕ್ಕವಳು ಮುಂದೆ ಗಿರಾಕಿಗಳ ಮುಂದೆ ಹಲ್ಲು ಕಿರಿಯುತ್ತಾ ನಿಂತಿರುತ್ತಿದ್ದಳು. ನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಪರದೆ ಸರಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅವಳು ನೋಡಿದ್ದು ಬೆಳಗ್ಗೆ ಮೊಳೆಯಲ್ಲಿ ನೇತಾಡುವ ತೊಳೆದ ಕತ್ತರಿಯನ್ನು ಮಾತ್ರ. ಹಾಗಾಗಿ ಮುಳ್ಳು ಕತ್ತರಿಸುವುದು ಉಬ್ಬುವ ಮೊದಲೇ ಎಂದುಕೊಂಡಿದ್ದಳು.

ರಜೆಯ ದಿನ ಬಂತು. ಮಕ್ಕಳು ಬಂದರು, ಕಾಗದದ ಟೋಪಿ ಹಾಕಿಕೊಂಡು ಮೇಜಿನ ಸುತ್ತ ಸ್ಟೂಲು ಹತ್ತಿದರು. ಮಗಳೂ ಅವರ ನಡುವೆ, ಚಿಕ್ಕಮ್ಮನಿಗೆ ಒತ್ತಿಕೊಂಡು. ದೊಡ್ಡ ಸೊಸೆ ತೊಳೆದ ಏಪ್ರನ್ ಹಾಕಿ, ಮೂಲೆಯಲ್ಲಿ ಮೂಟೆಯ ಮೇಲೆ ಕೈಕಟ್ಟಿ ಕೂತಳು. ಯಾರೂ ಗಮನಿಸದ ಹಾಗೆ ಬೆಳಗ್ಗೆಯೇ ಒಂದು ಕೆಲಸ ಮಾಡಿದ್ದಳು. ಅದೇ ಹಿಟ್ಟಿನಲ್ಲಿ ಒಂದು ಪಾಲು ತಣ್ಣಗೆ ಎತ್ತಿಟ್ಟಿದ್ದಳು. ಚಿಕ್ಕವಳು ಮುಳ್ಳುಹಂದಿಗೆ ಕೈ ಹಾಕುವ ಹೊತ್ತಿಗೆ ಮೂಟೆಗಳ ಮರೆಗೆ ಹೋಗಿ ಹನ್ನೆರಡು ಉಂಡೆಗೆ ಮೂತಿ ಎಳೆದು, ಅಲ್ಲೇ ಕೆಳಗಿನ ಹಲಗೆಯಲ್ಲಿ ಬಟ್ಟೆ ಮುಚ್ಚಿಟ್ಟು ಬಂದು ಮತ್ತೆ ಕೂತಳು.

ಚಿಕ್ಕವಳು ಚೆನ್ನಾಗಿಯೇ ಶುರು ಮಾಡಿದಳು. ಆಮೆ ಆಮೆಯ ಹಾಗೇ ಇತ್ತು. ಬಸವನಹುಳು ಸ್ವಲ್ಪ ಸೊಟ್ಟ, ಆದರೂ ಮಕ್ಕಳು ಚಪ್ಪಾಳೆ ತಟ್ಟಿದರು. "ಈಗ ನಮ್ಮ ರಾಜ, ಮುಳ್ಳುಹಂದಿ!" ಎಂದಳು. ಮೂತಿ ಎಳೆದಳು, ಕಣ್ಣಿಟ್ಟಳು, ಕತ್ತರಿ ಎತ್ತಿದಳು. ಎತ್ತಿ ಒಂದು ಗಳಿಗೆ ಮೂಲೆಯತ್ತ ನೋಡಿದಳು.

"ಅಕ್ಕಾ, ಈಗಲೇ ತಾನೇ?"

ಇಡೀ ಕೋಣೆ ತಿರುಗಿ ನೋಡಿತು. ದೊಡ್ಡ ಸೊಸೆಯ ನಾಲಿಗೆ ತುದಿಯಲ್ಲಿ ಉತ್ತರ ಇತ್ತು. ಒಂದೇ ಮಾತು ಸಾಕಿತ್ತು. "ಆವಾಗ ನೀನು ಎಲ್ಲಿದ್ದೆ?" ಎಂದ ಮಗಳ ದನಿ ಕಿವಿಯಲ್ಲಿ ಗುಂಯ್ ಎಂದಿತು.

"ನಿನ್ನ ಮುಳ್ಳುಹಂದಿ ಅಲ್ವೇನೇ? ನನ್ನನ್ನೇನು ಕೇಳ್ತೀಯ?" ಎಂದಳು.

ಮಕ್ಕಳು ನಕ್ಕರು. ಚಿಕ್ಕವಳೂ ನಕ್ಕಳು, ಕೆನ್ನೆ ಸ್ವಲ್ಪ ಕೆಂಪಾಗಿತ್ತು. ಕಚಕ್ ಕಚಕ್. ಮುಳ್ಳುಗಳು ಎದ್ದವು. ಫೋಟೋ ತೆಗೆದರು. ಮಕ್ಕಳೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಮುಳ್ಳುಹಂದಿಗೆ ಮುಳ್ಳು ಎಬ್ಬಿಸಿದರು. ಎಲ್ಲ ಮುಗಿಯುತ್ತಲೇ ಅತ್ತೆ ಕತ್ತರಿಗಳನ್ನು ಬಾಚಿಕೊಂಡು ತೊಳೆದು ಮೊಳೆಗೆ ಹಾಕಿಬಿಟ್ಟರು. ಟ್ರೇಗಳ ಮೇಲೆ ಒದ್ದೆ ಬಟ್ಟೆ ಬಿತ್ತು.

ಮುಕ್ಕಾಲು ಗಂಟೆ ಮಕ್ಕಳು ಹೊರಗೆ ಆಡಿದರು. ಬಟ್ಟೆಯಡಿ ಹಿಟ್ಟು ನಿಧಾನವಾಗಿ ಉಬ್ಬುತ್ತಿತ್ತು. ಎಂಥ ಹಿಟ್ಟು ಅದು! ದೊಡ್ಡ ಸೊಸೆ ತನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ನಾದಿರಲಿಲ್ಲ. ಚೆನ್ನಾಗಿ ಉಬ್ಬಿದಷ್ಟೂ ಮುಳ್ಳು ಬೇಗ ಮುಳುಗುತ್ತದೆ ಎಂದು ಅವಳೊಬ್ಬಳಿಗೇ ಗೊತ್ತಿತ್ತು. ಬಟ್ಟೆ ತೆಗೆದಾಗ ಚಿಕ್ಕವಳ ಹುಬ್ಬು ಗಂಟಾಯಿತು. "ಒಳಗೆ ಬೆಂದ ಮೇಲೆ ಏಳತ್ತೆ" ಎಂದು ಯಾರೂ ಕೇಳದಿದ್ದರೂ ಹೇಳಿ ಟ್ರೇ ತಳ್ಳಿದಳು.

ಓವನ್ನಿಂದ ಬಂದದ್ದು ನುಣ್ಣಗೆ, ಹೊಳೆಯುತ್ತಾ, ದುಂಡಗೆ. ಒಂದರ ಬೆನ್ನಿನ ಮೇಲೂ ಒಂದು ಮುಳ್ಳಿಲ್ಲ. ಕಾಳುಮೆಣಸಿನ ಕಣ್ಣು ಬಿಟ್ಟುಕೊಂಡು ಸಾಲಾಗಿ ಕೂತಿದ್ದವು, ಈಗತಾನೇ ತಲೆ ಬೋಳಿಸಿಕೊಂಡು ಬಂದವರ ಹಾಗೆ.

ಮಕ್ಕಳು ಬಗ್ಗಿ ನೋಡಿದರು. "ನಂದು ಎಲ್ಲಿ?" ಎಂದಿತು ಒಂದು. "ಇದು ಆಲೂಗಡ್ಡೆ" ಎಂದಿತು ಇನ್ನೊಂದು. ಎಲ್ಲರಿಗಿಂತ ಸಣ್ಣದೊಂದು ತುಟಿ ಚಾಚಿ ಅಳಲು ಶುರು ಮಾಡಿತು. ಪುಸ್ತಕದವಳು ಕ್ಯಾಮೆರಾ ಕೆಳಗಿಳಿಸಿದಳು. ದೊಡ್ಡ ಸೊಸೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಳುವ ಮಗುವನ್ನು ನೋಡಿ ಪಾಪ ಅನ್ನಿಸಿದರೂ ಸಂತೋಷ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಆಗ ಚಿಕ್ಕವಳು ಬಾಯಿ ಬಿಟ್ಟಳು.

"ಹಿಟ್ಟು ನಾನು ನಾದಿದ್ದಲ್ಲ. ಅಕ್ಕ ನಾದಿದ್ದು. ಹಿಟ್ಟೇ ಕೈಕೊಟ್ಟಿದೆ."

"ಏನೇ ಹಾಕಿದ್ದೆ ಹಿಟ್ಟಿಗೆ?" ಎಂದು ಅತ್ತೆ ತಿರುಗಿಬಿದ್ದರು, ಅಷ್ಟು ಜನರ ಎದುರಿಗೆ.

ನೋಡಿ, ನಾಲ್ಕು ವರ್ಷದಲ್ಲಿ ಮೊದಲನೇ ಸಲ ಈ ಕೆಲಸದಲ್ಲಿ ದೊಡ್ಡ ಸೊಸೆಯ ಕೈಯೂ ಇದೆ ಎಂದು ಹೊರಗಿನವರ ಮುಂದೆ ಮಾತು ಬಂದದ್ದು ಹೀಗೆ. ಅವಳು ಎದ್ದಳು. ಟ್ರೇಯಿಂದ ಒಂದು ಬೋಳನ್ನು ತೆಗೆದು ಎರಡು ಹೋಳು ಮಾಡಿ ಪುಸ್ತಕದವಳ ಕೈಗೆ ಅರ್ಧ, ಅತ್ತೆಯ ಕೈಗೆ ಅರ್ಧ ಕೊಟ್ಟಳು. ಒಳಗೆ ಹತ್ತಿಯ ಹಾಗಿತ್ತು, ಚೀಸು ಎಳೆಎಳೆಯಾಗಿ ಬಂತು.

"ತಿನ್ನಿ. ತಿಂದು ಹೇಳಿ, ಹಿಟ್ಟಿಗೆ ಏನಾಗಿದೆ?"

ಪುಸ್ತಕದವಳು ತಿಂದಳು. "ಹಿಟ್ಟು ತುಂಬಾ ಚೆನ್ನಾಗಿದೆ" ಎಂದಳು. ಅತ್ತೆ ಅಗಿದರು, ನುಂಗಿದರು, ಇನ್ನೊಂದು ಚೂರು ಮುರಿದುಕೊಂಡರು.

ದೊಡ್ಡ ಸೊಸೆ ಕೆಳಗಿನ ಹಲಗೆಯಿಂದ ತನ್ನ ಟ್ರೇ ಎಳೆದು ಮೇಜಿನ ಮೇಲಿಟ್ಟು ಬಟ್ಟೆ ತೆಗೆದಳು. ಹನ್ನೆರಡು ಉಂಡೆ, ಉಬ್ಬಿ ನಡುಗುತ್ತಿದ್ದವು. ಜೇಬಿನಿಂದ ಅಮ್ಮನ ಕತ್ತರಿ ತೆಗೆದಳು. "ಅಯ್ಯೋ, ಬಟ್ಟೆ ಕತ್ತರಿ!" ಎಂದರು ಅತ್ತೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕತ್ತರಿಯ ತುದಿಯನ್ನು ನೀರಿಗೆ ಅದ್ದಿ, ಬಾಲದ ಕಡೆಯಿಂದ ಮೂತಿಯ ಕಡೆಗೆ ಕಚಕಚಕಚ ಎಂದು ಹೋದಳು. ಒಂದು ಮುಗಿಯಿತು, ಎರಡು ಮುಗಿಯಿತು. ಅಳುತ್ತಿದ್ದ ಮಗು ಅಳು ನಿಲ್ಲಿಸಿ ಸ್ಟೂಲು ಹತ್ತಿತು. ಹನ್ನೆರಡೂ ಮುಗಿಯುತ್ತಲೇ ಟ್ರೇ ಓವನ್ನಿನೊಳಗೆ. ಹದಿನೈದು ನಿಮಿಷ ಯಾರೂ ಆಟಕ್ಕೆ ಹೋಗಲಿಲ್ಲ, ಗಾಜಿಗೆ ಮೂಗು ಒತ್ತಿ ನಿಂತರು.

ಹೊರಗೆ ಬಂದ ಮುಳ್ಳುಹಂದಿಗಳ ಒಂದೊಂದು ಮುಳ್ಳೂ ತುದಿ ಕಂದಿ ಎದ್ದು ನಿಂತಿತ್ತು.

"ಅದೇ!" ಎಂದು ಮಕ್ಕಳು ಕಿರುಚಿದರು. "ಅಂಗಡಿದು! ಅದೇ!" ಒಂದು ಹುಡುಗಿ ತಲೆಯೆತ್ತಿ ಕೇಳಿದಳು, "ನೀವು ಯಾರು ಆಂಟಿ?"

ನಾಲ್ಕು ವರ್ಷ ಅವಳ ಕೈಯದೇ ತಿಂದು ಬೆಳೆದ ಮಗು ಅದು.

"ನಮ್ಮಮ್ಮ" ಎಂದಳು ಮಗಳು. ಮತ್ತೆ, ಏನನ್ನೋ ಕೂಡಿಸಿ ಕಳೆಯುವವಳಂತೆ ತಾಯಿಯನ್ನೂ ಚಿಕ್ಕಮ್ಮನನ್ನೂ ನೋಡಿದಳು. "ಅಮ್ಮಾ, ಹಾಗಾದ್ರೆ ನನ್ನ ಮುಳ್ಳುಹಂದಿ?"

"ನಾನೇ ಮಾಡಿದ್ದು. ಎಲ್ಲಿದ್ದೆ ಅಂತ ಕೇಳಿದ್ಯಲ್ಲ, ಇಲ್ಲೇ ಇದ್ದೆ. ಇದೇ ಮೇಜಿನ ಹತ್ತಿರ, ಇದೇ ಕತ್ತರಿ ಹಿಡ್ಕೊಂಡು. ನಿಮ್ಮ ಚಿಕ್ಕಮ್ಮ ಆವಾಗ ಊರಲ್ಲೇ ಇರಲಿಲ್ಲ."

ಪುಸ್ತಕದವಳು ತನ್ನ ನೋಟ್‌ಬುಕ್ ತೆರೆದು ಒಂದು ಪುಟದ ಮೇಲೆ ಅಡ್ಡಗೆರೆ ಎಳೆದಳು. "ಮುಖಪುಟಕ್ಕೆ ನಿಮ್ಮ ಹೆಸರು ಹೇಳಿ" ಎಂದಳು.

"ಹೆಸರು ಆಮೇಲೆ. ಮೊದಲು ಆ ಹನ್ನೊಂದು ದಿನದ ಕಥೆ ಸರಿಯಾಗಿ ಬರ್ಕೊಳ್ಳಿ."

ಎಲ್ಲರೂ ಹೋದ ಮೇಲೆ ಚಿಕ್ಕವಳು ತೊಟ್ಟಿಯ ಬಳಿ ಟ್ರೇ ತಿಕ್ಕುತ್ತಾ ನಿಂತಿದ್ದಳು. ಕಣ್ಣು ಊದಿತ್ತು. "ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕಾ. ಮಕ್ಕಳ ಮುಂದೆ ನನ್ನ ಮಾನ ತೆಗೆದೆ."

"ನೀನು ನನ್ನ ಮಗಳ ಮುಂದೆ ತೆಗೆದದ್ದು ಏನಂತೆ?"

ಅಲ್ಲಿಗೆ ಮುಗಿಯಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿಸುತ್ತಿದ್ದರು. ದೊಡ್ಡ ಸೊಸೆ ಮಾರನೆಯ ದಿನ ಮುಳ್ಳುಹಂದಿಗಳ ಟ್ರೇಯಲ್ಲಿ ಒಂದಕ್ಕೆ ಮಾತ್ರ ಉಬ್ಬುವ ಮೊದಲೇ ಮುಳ್ಳು ಕತ್ತರಿಸಿದಳು. ಅದು ಬೋಳಾಗಿ ಹೊರಬಂತು. ತಾನೇ ಪರದೆ ಸರಿಸಿ ಹೋಗಿ ಅದನ್ನು ಗಾಜಿನ ಕಪಾಟಿನ ನಟ್ಟನಡುವೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಇಟ್ಟು ಬಂದಳು. ಅದರ ಮಾರನೆಯ ದಿನವೂ ಒಂದು. ಅದರ ಮಾರನೆಯ ದಿನವೂ.

ಮಕ್ಕಳಿಗೆ ಇನ್ನೇನು ಬೇಕು? "ಬೆಣ್ಣೆ ಆಂಟಿ, ಇದು ಯಾಕೆ ಬೋಳು?" ಪರದೆಯ ಈಚೆ ನಿಂತು ದೊಡ್ಡ ಸೊಸೆ ಕೇಳಿಸಿಕೊಳ್ಳುತ್ತಿದ್ದಳು. ಮೊದಲ ದಿನ ಚಿಕ್ಕವಳು "ಅದಕ್ಕೆ ಜ್ವರ ಬಂದಿತ್ತು" ಎಂದಳು. ಎರಡನೆಯ ದಿನ "ಕ್ಷೌರ ಮಾಡಿಸ್ಕೊಂಡಿದೆ." ಮೂರನೆಯ ದಿನ "ಅದು ಪಾಪು." ಮಕ್ಕಳು ಬಿಡುವ ಜಾತಿಯೇ? ನಿನ್ನೆ ಜ್ವರ ಅಂದಿರಿ, ಇವತ್ತು ಪಾಪು ಅಂತೀರಿ ಎಂದು ಪೀಡಿಸಿದರು. ಚಿಕ್ಕವಳ ದನಿಯಲ್ಲಿದ್ದ ಬೆಣ್ಣೆ ದಿನದಿಂದ ದಿನಕ್ಕೆ ಕರಗುತ್ತಾ ಬಂತು.

ಅತ್ತೆ ಒಳಗೆ ಬಂದು ಗದರಿದರು. "ಸಾಕು ಮಾಡೇ. ಅವಳು ಊಟಾನೂ ಸರಿಯಾಗಿ ಮಾಡ್ತಿಲ್ಲ."

"ಆಯ್ತು ಅತ್ತೆ. ನಾಳೆಯಿಂದ ನಾನು ಮುಂದೆ ನಿಲ್ತೀನಿ, ಅವಳು ಒಳಗೆ ಬಂದು ಮುಳ್ಳುಹಂದಿ ಮಾಡಲಿ."

ಅತ್ತೆ ಬಂದ ದಾರಿಯಲ್ಲೇ ಹೊರಗೆ ಹೋದರು.

ಹದಿನೇಳನೆಯ ದಿನ ಮಧ್ಯಾಹ್ನ ಶಾಲೆ ಬಿಟ್ಟಿತ್ತು. ಯಾವುದೋ ಮಗು ಎಂದಿನಂತೆ ಕೇಳಿತು. ಚಿಕ್ಕವಳು ಗಾಜಿನ ಕಪಾಟಿನ ಬಾಗಿಲು ಸರಿಸಿದ ಸದ್ದಾಯಿತು. ಆಮೇಲೆ ಬೆಣ್ಣೆಯಿಲ್ಲದ, ಒಣಗಿದ ದನಿಯಲ್ಲಿ ಹೇಳಿದಳು.

"ನಾನು ಮಾಡಿದ್ರೆ ಹೀಗೇ ಆಗೋದು. ನನಗೆ ಮುಳ್ಳುಹಂದಿ ಮಾಡೋಕೆ ಬರಲ್ಲ. ಇಲ್ಲಿರೋದೆಲ್ಲ ಒಳಗಿರೋ ನಮ್ಮ ಅಕ್ಕ ಮಾಡಿದ್ದು. ಮೊದಲಿಂದಲೂ ಅವಳೇ. ನಾನು ಸುಳ್ಳು ಹೇಳಿದ್ದೆ."

ಪರದೆಯ ಈಚೆ ದೊಡ್ಡ ಸೊಸೆಯ ಕೈ ಹಿಟ್ಟಿನಲ್ಲೇ ನಿಂತಿತು. ಮೂಟೆಯ ಮೇಲೆ ಕೂತಿದ್ದ ಮಗಳೂ ಕೇಳಿಸಿಕೊಂಡಿದ್ದಳು. ಆಚೆ ಯಾರೋ ಮೂಗು ಸೀಟಿದ ಸದ್ದು ಬಂತು.

ಮಾರನೆಯ ಬೆಳಗ್ಗೆ ಮಗಳು ಶಾಲೆಗೆ ಹೊರಡುವ ಮುನ್ನ ಹಿಂದಿನ ಕೋಣೆಗೆ ಬಂದಳು. ಉಂಡೆಗಳು ಇನ್ನೂ ಉಬ್ಬಿರಲಿಲ್ಲ. ತಾಯಿ ಅದರಲ್ಲೊಂದನ್ನು ಎತ್ತಿಕೊಂಡು ಕತ್ತರಿ ತೆಗೆದಳು.

"ಅಮ್ಮಾ, ಚಿಕ್ಕಮ್ಮ ನಿನ್ನೆ ನಿಜ ಹೇಳಿಬಿಟ್ರಲ್ಲ. ಇನ್ನೂ ಯಾಕೆ ಬೋಳು?"

ಕಚಕ್.

"ಇವತ್ತು ಬರೋ ಮಕ್ಕಳು ಅದನ್ನ ಇನ್ನೂ ಕೇಳಿಲ್ವಲ್ಲ" ಎಂದಳು ತಾಯಿ.